ಎರಡು ಕಾಂಡಿ ಹೊತ್ತಿನ ಹಬೆ

ಹೆರಿಗೆ ಕೋಣೆಯಲ್ಲಿ ಮೂವತ್ತು ವರ್ಷದ ಮೇಲೆ ಕೆಲಸ ಮಾಡಿದೆ. ಅಷ್ಟರಲ್ಲಿ ಬರೀ ನರ್ಸ್ ಇದ್ದವಳು ಹೆಡ್ ನರ್ಸ್ ಆದೆ. ಆಗುವ ಮುಂಚಿನ ದಿನಕ್ಕೂ ಆದ ದಿನಕ್ಕೂ ಇದ್ದ ವ್ಯತ್ಯಾಸವೆಂದರೆ ಕಪಾಟಿನ ಕೀಲಿ ನನ್ನ ಸೊಂಟಕ್ಕೆ ಬಂದದ್ದು. ಆ ಸಂಗತಿಯನ್ನು ಇಲ್ಲಿಗೇ ಬಿಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಅವರು ಈಗ ನನ್ನನ್ನು ಹೆಚ್ಚಾಗಿ ಕೇಳುವುದು ಹಬೆಯ ಬಗ್ಗೆ. ಫೋನಿನಲ್ಲಿ ಯಾರೋ ಒಬ್ಬಳು ಗಿಡಮೂಲಿಕೆಯ ಪುಡಿ ಮಾರುತ್ತಾಳೆ. ಅದನ್ನು ಕುದಿಯುವ ನೀರಿಗೆ ಹಾಕಿ, ಪಾತ್ರೆಯ ಮೇಲೆ ಕುಳಿತು, ಕೆಳಗಿನಿಂದ ಹಬೆ ತೆಗೆದುಕೊಂಡರೆ ಗರ್ಭಕೋಶ ಸ್ವಚ್ಛವಾಗುತ್ತದೆಯಂತೆ. "ಖರೇ ಏನ್ರಿ ಸಿಸ್ಟರ್?" ಎನ್ನುತ್ತಾರೆ. ಖರೆ ಅಲ್ಲ. ಹಬೆ ಅಷ್ಟು ಒಳಗೆ ಹೋಗುವುದಿಲ್ಲ, ಹೋದರೂ ಅಲ್ಲಿ ತೊಳೆಯುವಂಥದ್ದು ಏನೂ ಇಲ್ಲ. ಆ ಜಾಗ ತನ್ನನ್ನು ತಾನೇ ಸ್ವಚ್ಛವಾಗಿಟ್ಟುಕೊಳ್ಳುತ್ತದೆ, ನಮ್ಮಲ್ಲಿ ಅನೇಕರ ಅಡುಗೆಮನೆಗಿಂತ ಚೆನ್ನಾಗಿ. ಹಬೆಯಿಂದ ಸುಟ್ಟ ಚರ್ಮವನ್ನು ನಾನು ಕಂಡಿದ್ದೇನೆ, ಹಬೆಯಿಂದ ವಾಸಿಯಾದ ಕಾಯಿಲೆಯನ್ನು ಕಂಡಿಲ್ಲ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಇದೇ ಹಬೆಯ ಬಗ್ಗೆ ನಾನು ತರಬೇತಿಗಳಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಬಂದ ಒಂದು ಕೇಸ್ ಇದೆ. ಅದರಿಂದ ಒಬ್ಬ ಹೆಂಗಸಿನ ಹೆಸರು ಕೆಟ್ಟಿತು. ಅದನ್ನು ಸರಿ ಮಾಡದೆ ಮುಂದಿನ ಮಾತಿಲ್ಲ.

ನನ್ನದು ಮಹಾರಾಷ್ಟ್ರದ ಗಡಿಯಲ್ಲಿರುವ ಗಡಹಿಂಗ್ಲಜ ಕಡೆಯ ಹಳ್ಳಿ, ಜೈನರ ಒಕ್ಕಲು ಮನೆತನ. ಬೆಳ್ಳುಳ್ಳಿ ನಮ್ಮ ಹೊಸಿಲು ದಾಟುತ್ತಿರಲಿಲ್ಲ. ಮನೆಯಲ್ಲಿ ಬಾಣಂತಿ ಇದ್ದಾಗ ಮಾತ್ರ ಅಜ್ಜಿ ಪಕ್ಕದ ಮನೆಯಿಂದ ಬೆಳ್ಳುಳ್ಳಿಯ ಸಿಪ್ಪೆ ತರಿಸುತ್ತಿದ್ದಳು. "ತಿನ್ನಾಕಲ್ಲವಾ, ಸುಡಾಕ" ಎಂದು ಪ್ರತಿ ಸಲವೂ ಜೋರಾಗಿ ಹೇಳುತ್ತಿದ್ದಳು, ದೇವರಿಗೂ ಕೇಳಲಿ ಎಂದು. ಶೇಗಡಿಯಲ್ಲಿ, ಅಂದರೆ ಅಗ್ಗಿಷ್ಟಿಕೆಯಲ್ಲಿ, ಸಗಣಿ ಕುಳ್ಳಿನ ಕೆಂಡ, ಅದರ ಮೇಲೆ ಆ ಸಿಪ್ಪೆ, ಅಜವಾನ, ಸಬ್ಬಸಗಿ ಬೀಜ. ಶೇಗಡಿಯನ್ನು ಹಗ್ಗದ ಹೊರಸಿನ ಕೆಳಗೆ ತಳ್ಳಿ, ಮೇಲೆ ಬಾಣಂತಿಯನ್ನು ಮಲಗಿಸಿ, ಸುತ್ತ ಕಂಬಳಿ ಇಳಿಬಿಡುತ್ತಿದ್ದಳು. ನರ್ಸಿಂಗ್ ಪಾಸಾಗಿದ್ದ ನಾನೇ ನನ್ನ ಮೊದಲ ಹೆರಿಗೆಯಲ್ಲಿ ಹನ್ನೆರಡು ದಿನ ಆ ಹೊಗೆಯಲ್ಲಿ ಕೆಮ್ಮುತ್ತ ಮಲಗಿದೆ. ಅಜ್ಜಿಯ ಎದುರು ನನ್ನ ಸರ್ಟಿಫಿಕೇಟು ನಡೆಯಲಿಲ್ಲ. ನಿಜ ಹೇಳಬೇಕೆಂದರೆ, ಬೆನ್ನಿಗೆ ಬಹಳ ಹಿತವಾಗಿತ್ತು.

ಮದುವೆಯಾಗಿ ಮಗ್ಗಗಳ ಊರಾದ ಇಚಲಕರಂಜಿಗೆ ಬಂದ ಮೇಲೆ ಅಲ್ಲಿನ ಶಹಾಪುರ ಭಾಗದ ಒಂದು ಸಣ್ಣ ಖಾಸಗಿ ಹೆರಿಗೆ ಆಸ್ಪತ್ರೆಗೆ ಸೇರಿದೆ. ಈಗ ಆ ಆಸ್ಪತ್ರೆ ಇಲ್ಲ, ಆ ಜಾಗದಲ್ಲಿ ನೂಲಿನ ಗೋದಾಮು ಇದೆ. ನಡೆಸುತ್ತಿದ್ದವರು ಒಬ್ಬ ಮರಾಠಿ ಡಾಕ್ಟರಮ್ಮ. ನಾವೆಲ್ಲ ಮ್ಯಾಡಮ್ ಎನ್ನುತ್ತಿದ್ದೆವು. ಬರುತ್ತಿದ್ದವರು ಹೆಚ್ಚಾಗಿ ಮಗ್ಗದ ಕೆಲಸಕ್ಕೆ ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬಂದ ನಮ್ಮ ಭಾಷೆಯ ಜನ. ಹೆರಿಗೆಯಾದ ಮೇಲೆ ಅವರ ಮನೆಗೆ ಹೋಗಿ ಬಾಣಂತಿಯನ್ನು ನೋಡಿ ಬರುವುದೂ ನನ್ನ ಕೆಲಸವಾಗಿತ್ತು.

ಹಳ್ಳಿಯ ದೊಡ್ಡ ಮನೆಯ ಪದ್ಧತಿಯನ್ನು ಈ ಜನ ಒಂದೇ ಕೋಣೆಯ ಮನೆಗೆ ತಂದಿದ್ದರು. ಒಬ್ಬರ ಮನೆಯಲ್ಲಿ ಹೊರಸನ್ನು ಮಗ್ಗದ ಅಂಚಿನಿಂದ ಕತ್ತರಿಸಿ ಬಿದ್ದ ಪಾಲಿಯೆಸ್ಟರ್ ಪಟ್ಟಿಯಿಂದ ನೇಯ್ದಿದ್ದರು. ನೋಡಲು ಭಾಳ ಚಂದ, ಕೆಂಪು ಹಸಿರು. ಕೆಳಗೆ ಕೆಂಡ ಇಟ್ಟ ಕಾಲು ಗಂಟೆಗೆ ನಡುವಿನ ಪಟ್ಟಿ ಕರಗಿ ಬಾಣಂತಿ ಶೇಗಡಿಯ ಮೇಲೆಯೇ ಕುಳಿತಳು. ಇನ್ನೊಬ್ಬಳ ಗಂಡ ಶಿರೋಳಿಯ ಫೌಂಡ್ರಿಯಲ್ಲಿದ್ದ. ಕುಳ್ಳು ಬೇಗ ಆರುತ್ತದೆ, ನಮ್ಮ ಭಟ್ಟಿಯ ಕೋಕ್ ಇದ್ದಿಲು ಇಡೀ ದಿನ ಉರಿಯುತ್ತದೆ ಎಂದು ಹೆಂಡತಿಯ ಮೇಲಿನ ಪ್ರೀತಿಯಿಂದ ಒಂದು ಚೀಲ ಕೋಕ್ ತಂದ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ನಿಜಕ್ಕೂ ಚೆನ್ನಾಗಿ ಉರಿಯಿತು. ನಾನು ಹೋಗುವ ಹೊತ್ತಿಗೆ ತಾಯಿಗೂ ಕೂಸಿಗೂ ಎಚ್ಚರ ತಪ್ಪಿತ್ತು. ಹೊರಗೆ ಗಾಳಿಗೆ ತಂದು ಮಲಗಿಸಿದ ಮೇಲೆ ಇಬ್ಬರೂ ಕಣ್ಣು ಬಿಟ್ಟರು. ಆತ ಚೀಲದಲ್ಲಿ ಉಳಿದ ಕೋಕ್ ಆಸ್ಪತ್ರೆಗೆ ಬೇಕೇನ್ರಿ ಎಂದು ಕೇಳಿದ.

ಅಂದಿನಿಂದ ಮ್ಯಾಡಮ್ ಒಂದು ರಾಜಿ ಮಾಡಿದರು. ಬಿಡಿರೆಂದರೆ ಇವರು ಬಿಡುವುದಿಲ್ಲ, ಕನಿಷ್ಠ ಬೆಂಕಿಯಾದರೂ ಹೋಗಲಿ, ಬಿಸಿನೀರು ಬರಲಿ ಎಂದರು. ನಾನು ಮನೆಮನೆಗೆ ಹೋಗಿ ಹೇಳಿಕೊಟ್ಟೆ. ಬೇವಿನ ಎಲೆ, ಲಕ್ಕಿ ಸೊಪ್ಪು, ಒಂದು ಚಿಟಿಕೆ ಅಜವಾನ ಹಾಕಿ ನೀರು ಕುದಿಸಿ. ಒಲೆಯಿಂದ ಇಳಿಸಿ ಬಹಳ ಹೊತ್ತು ಬಿಡಿ. ಹಬೆಯ ಮೇಲೆ ಮುಂಗೈಯ ಒಳಬದಿ ಹಿಡಿದರೆ ಆರಾಮವಾಗಿ ಇರಬೇಕು. ನಡುವೆ ತೂತಿರುವ ಸ್ಟೂಲಿನ ಮೇಲೆ ಐದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಹೊಲಿಗೆ ಬಿದ್ದಿದ್ದರೆ ಪಾತ್ರೆಯ ಹತ್ತಿರವೂ ಹೋಗಬಾರದು. ಇದು ಔಷಧವಲ್ಲ, ಕೆಂಡಕ್ಕಿಂತ ಕಡಿಮೆ ಕೆಟ್ಟದ್ದು ಅಷ್ಟೆ. ಆದರೆ ಈ ಕೊನೆಯ ಮಾತನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. "ಸಿಸ್ಟರ್ ಬರದ ಕೊಟ್ಟ ಹಬಿ" ಎಂದು ಅದಕ್ಕೆ ಮೊದಲಿಗಿಂತ ಹೆಚ್ಚು ಮರ್ಯಾದೆ ಬಂತು.

ಶಹಾಪುರದ ಮಗ್ಗದ ಮನೆಗಳ ಒಂದು ಸಾಲಿನಲ್ಲಿ ಬಾಣಂತಿಯರಿಗೆ ನೀರು ಹಾಕುತ್ತಿದ್ದವಳು ಕಲ್ಲವ್ವ. ಮಗ ಬಸು ಮಗ್ಗ ನಡೆಸುತ್ತಿದ್ದ, ಈಕೆ ಹಗಲೆಲ್ಲ ಕಾಂಡಿ ಸುತ್ತುತ್ತಿದ್ದಳು. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕಡ್ಡಿ. ಕಾಂಡಿ ಖಾಲಿಯಾದಾಗ ಮಗ್ಗ ಗಕ್ಕನೆ ನಿಲ್ಲುತ್ತದೆ, ಹೊಸದು ಹಾಕಿದರೆ ಮತ್ತೆ ಶುರು. ಆ ಸಾಲಿನವರು ಗಡಿಯಾರ ನೋಡುತ್ತಿರಲಿಲ್ಲ. ಹಾಲು ಒಂದು ಕಾಂಡಿ ಹೊತ್ತು ಕಾಯಬೇಕು, ಅನ್ನ ಎಂಟು ಕಾಂಡಿ. ನನ್ನ ಐದು ನಿಮಿಷವನ್ನು ಕಲ್ಲವ್ವ ತನ್ನ ಲೆಕ್ಕಕ್ಕೆ ತಿರುಗಿಸಿಕೊಂಡಿದ್ದಳು, ಎರಡು ಕಾಂಡಿ. ನಾನು ಕೈಗಡಿಯಾರ ಹಿಡಿದು ಪರೀಕ್ಷಿಸಿದೆ, ಬರೋಬ್ಬರಿ ಬಂತು.

ಹಾಗೆಯೇ ಒಂದು ವರ್ಷ ನಡೆಯಿತು. ಒಂದು ದಿನ ಕಲ್ಲವ್ವನ ಪಕ್ಕದ ಮನೆಯ ಬಾಣಂತಿ ಹಬೆಗೆ ಕುಳಿತಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು, ಹಣೆ ಗೋಡೆಗೆ ಬಡಿಯಿತು. ನಾನು ಓಡಿಹೋಗಿ ಕೇಳಿದೆ.

"ಎಷ್ಟ ಹೊತ್ತ ಕುಂದರ್ಸಿದ್ದಿ, ಕಲ್ಲವ್ವಾ?"

"ಎರಡ ಕಾಂಡಿ ರೀ. ನೀವ ಹೇಳಿದಷ್ಟ."

ಸುಳ್ಳಲ್ಲ. ಆಕೆ ಕಿವಿಗೊಟ್ಟು ಎಣಿಸಿದ್ದು ಪಕ್ಕದ ಶೆಡ್ಡಿನ ಮಗ್ಗವನ್ನು, ಆ ವಾರ ಅದರ ಮಾಲೀಕ ಶೇಟಜಿ ದಪ್ಪ ನೂಲು ಬಿಟ್ಟು ಸಣ್ಣ ನೂಲು ಹಾಕಿದ್ದರು. ಸಣ್ಣ ನೂಲಿನ ಕಾಂಡಿ ಬೇಗ ಮುಗಿಯುವುದಿಲ್ಲ. ನನ್ನ ಐದು ನಿಮಿಷ ಹನ್ನೆರಡು ನಿಮಿಷವಾಗಿತ್ತು. ನಗು ಬರಬೇಕಾದ ಸಂಗತಿ, ಆದರೆ ನನಗೆ ಸಿಟ್ಟು ಬಂತು. ಇಡೀ ಸಾಲು ಕೇಳುವಂತೆ ಆಕೆಯನ್ನು ಬೈದೆ. ನನಗಿಂತ ಹದಿನೈದು ವರ್ಷ ದೊಡ್ಡವಳು, ತಲೆ ತಗ್ಗಿಸಿ ನಿಂತಿದ್ದಳು. ಕಲ್ಲವ್ವ ಎಂದರೆ ಹೇಳಿದ್ದು ತಿಳಿಯದವಳು ಎಂದು ಅಂದೇ ನನ್ನ ತಲೆಯಲ್ಲಿ ಬರೆದುಕೊಂಡೆ.

ಅದಾಗಿ ಕೆಲವು ತಿಂಗಳಿಗೆ ಆಕೆಯ ಸೊಸೆ ರೇಣುಕಾ ಹೆರಿಗೆಗೆ ಬಂದಳು. ತೌರಿನಲ್ಲಿ ತಾಯಿ ಇರಲಿಲ್ಲ, ಹೀಗಾಗಿ ಬಾಣಂತನವೂ ಅತ್ತೆಯ ಮನೆಯಲ್ಲೇ. ಮಧ್ಯಾಹ್ನ ಹೆಣ್ಣು ಕೂಸು ಆಯಿತು. ಕೂಸು ದೊಡ್ಡದು, ಹೆರುವಾಗ ತಾಯಿಗೆ ಹರಿದಿತ್ತು, ಹೊಲಿಗೆ ಹಾಕಬೇಕಾಯಿತು. ಮ್ಯಾಡಮ್ ಹೊಲಿಯುವಾಗ ಮೇಲಿನಿಂದ ರಕ್ತ ಇಳಿದು ಕಾಣದಂತಾಗಬಾರದೆಂದು ಒಳಗೆ ಗಾಝ್ ಬಟ್ಟೆಯ ತುಂಡು ಇಡುತ್ತೇವೆ, ಮುಗಿದ ಮೇಲೆ ತೆಗೆಯುತ್ತೇವೆ. ಬಿಚ್ಚಿದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಎಣಿಸುವುದು ನರ್ಸಿನ ಕೆಲಸ. ನಾನು ಐದು ಬಿಚ್ಚಿದ್ದೆ. ಅಷ್ಟರಲ್ಲಿ ಪಕ್ಕದ ಟೇಬಲ್ಲಿನಲ್ಲಿ ನೋವು ತಿನ್ನುತ್ತಿದ್ದವಳು ಕೂಗಿಕೊಂಡಳು, ನಾನು ಅತ್ತ ತಿರುಗಿದೆ.

"ಪದ್ಮಾ, ಮೋಜಲಸ್ ಕಾ?" ಎಂದು ಮ್ಯಾಡಮ್ ಮರಾಠಿಯಲ್ಲಿ ಕೇಳಿದರು. ಎಣಿಸಿದೆಯಾ ಎಂದು.

"ಹೋ ಮ್ಯಾಡಮ್, ಬರೋಬರ್ ಆಹೇ" ಎಂದೆ, ಲೆಕ್ಕ ಸರಿ ಇದೆ ಎಂದು. ಎಣಿಸಿರಲಿಲ್ಲ.

ಐದನೇ ದಿನ ಕಲ್ಲವ್ವ ಆಸ್ಪತ್ರೆಗೆ ಬಂದಳು.

"ಸಿಸ್ಟರ್, ಸೊಸಿಗೆ ವಾಸನಿ ಬರಾಕತ್ತೇತ್ರಿ."

"ಬಾಣಂತಿಗೆ ವಾಸನಿ ಬರಲಾರದ ಅತ್ತರ್ ಬರತೈತೇನು?"

"ಹಂಗಲ್ರಿ. ಇಪ್ಪತ್ತ ವರ್ಷ ಬಾಣಂತ್ಯಾರಿಗೆ ನೀರ ಹಾಕೇನಿ. ಇದು ಬಾಣಂತಿ ವಾಸನಿ ಅಲ್ಲ."

"ಹಬಿ ಹಾಕಿದೇನು?"

"ಇಲ್ರಿ. ಹೊಲಿಗಿ ಐತಿ ಅಂತ ಬಿಟ್ಟೇನಿ. ನೀವ ಹೇಳಿದ್ರೆಲ್ಲಾ."

"ಸುಳ್ಳ ಹೇಳಬ್ಯಾಡ. ಹಬಿ ನಿಲ್ಲಿಸು, ವಾಸನಿ ಹೋಗತೈತಿ" ಎಂದು ಕಳಿಸಿದೆ.

ಏಳನೇ ದಿನ ಮತ್ತೆ ಬಂದಳು. ಈ ಸಲ ಬಾಣಂತಿಯ ಬಟ್ಟೆಯನ್ನೇ ಪೇಪರಿನಲ್ಲಿ ಸುತ್ತಿ ತಂದಿದ್ದಳು, ಕಣ್ಣಾರೆ ನೋಡಲಿ ಎಂದು. ನಾನು ಬಿಚ್ಚಲಿಲ್ಲ. ಹೊರಗೆ ಎಸೆದು ಬಾ ಎಂದೆ. ಮನೆಗೆ ಹೋಗಿ ಸೊಸೆಯನ್ನು ನೋಡಬೇಕಾದ ವಾರ ಅದೇ ಆಗಿತ್ತು. ಅದನ್ನೂ ಮುಂದೆ ಹಾಕಿದೆ, ಹೋದರೆ ಮತ್ತೆ ಈಕೆಯ ಪುರಾಣ ಕೇಳಬೇಕಲ್ಲ ಎಂದು.

ಒಂಬತ್ತನೇ ದಿನ ಆಕೆ ಸೊಸೆಯನ್ನೇ ರಿಕ್ಷಾದಲ್ಲಿ ಹಾಕಿಕೊಂಡು ಬಂದಳು. ರೇಣುಕಾಗೆ ಜ್ವರ ಸುಡುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಟೇಬಲ್ಲಿನ ಮೇಲೆ ಮಲಗಿಸಿ ನೋಡಿದೆ. ಚಿಮಟದ ತುದಿಗೆ ಕಪ್ಪಗೆ ಕೊಳೆತ ಬಟ್ಟೆಯ ತುಂಡು ಬಂತು. ಅದು ಏನೆಂದು ನನಗೆ ಹೊರಗೆ ಬರುವ ಮೊದಲೇ ತಿಳಿಯಿತು.

ಮ್ಯಾಡಮ್ ಬಂದರು, ಟ್ರೇ ನೋಡಿದರು, ನನ್ನನ್ನು ನೋಡಿದರು. "ಘರಚಂ ಕಾಪಡ ದಿಸತಂಯ" ಎಂದರು. ಮನೆಯ ಬಟ್ಟೆ ಇದ್ದಂತಿದೆ ಎಂದು ಅರ್ಥ. ನಾನು ಹೌದೆಂದೆ.

ಕಲ್ಲವ್ವ ಸೊಸೆಯ ತಲೆಯ ಹತ್ತಿರ ನಿಂತಿದ್ದಳು. ಟ್ರೇಗೆ ಬಗ್ಗಿ, ಆ ಹೊಲಸನ್ನು ಲೆಕ್ಕಿಸದೆ ಉಗುರಿನಿಂದ ಅಂಚು ಬಿಡಿಸಿ ಎಳೆ ಎಣಿಸಿದಳು. "ಇದು ನಮ್ಮ ಓಣ್ಯಾಗ ನೇಯೋ ಮಾಲ್ ಅಲ್ರಿ. ನಮ್ಮ ಅರಿವಿ ಇಷ್ಟ ಜಾಳ ಇರಂಗಿಲ್ಲ. ಇದು ದವಾಖಾನಿದು. ನಾ ಇಟ್ಟಿಲ್ರಿ" ಎಂದಳು. ಐದು ತುಂಡು ಎಣಿಸದ ನಾನು ಅಲ್ಲೇ ನಿಂತು, ಆಕೆ ಎಳೆ ಎಣಿಸುವುದನ್ನು ನೋಡಿದೆ.

ಕಾಗದದ ಮೇಲೆ ಹೀಗೆ ಬಂತು: ಮನೆಯವರು ಗಿಡಮೂಲಿಕೆ ಹಬೆ ಹಾಕಿ, ಒಳಗೆ ಬಟ್ಟೆ ಇಟ್ಟಿದ್ದರಿಂದ ಸೋಂಕು. ಕೆಳಗೆ ನಾನು ಸಹಿ ಮಾಡಿದೆ. ರೇಣುಕಾ ಹತ್ತು ದಿನ ಇಂಜೆಕ್ಷನ್ ತೆಗೆದುಕೊಂಡು ಉಳಿದಳು. ಬಸು ವಾರ್ಡಿನಲ್ಲೇ ತಾಯಿಗೆ ಹೇಳಿದ: "ಇನ್ನ ಮ್ಯಾಲೆ ಅಕಿನ್ನ ಮುಟ್ಟಬ್ಯಾಡ, ಯವ್ವಾ." ಕಲ್ಲವ್ವ ಮುಟ್ಟಲಿಲ್ಲ. ಓಣಿಯಲ್ಲೂ ಆಕೆಯನ್ನು ನೀರು ಹಾಕಲು ಯಾರೂ ಕರೆಯಲಿಲ್ಲ. ಸೊಸೆಯ ಒಳಗೆ ಬಟ್ಟೆ ತುರುಕಿದ ಅತ್ತೆ ಎಂದರೆ ಯಾರು ಕರೆಯುತ್ತಾರೆ?

ಮುಂದೆ ನನ್ನನ್ನು ತರಬೇತಿಗಳಿಗೆ ಕರೆಯತೊಡಗಿದರು. ಇಚಲಕರಂಜಿ, ಹುಪರಿ, ಗಡಹಿಂಗ್ಲಜ, ಕೊಲ್ಹಾಪುರ. ಮನೆಯಲ್ಲಿ ಹಬೆ ಹಾಕಿಕೊಳ್ಳುವುದರ ಅಪಾಯ ಎಂಬ ವಿಷಯಕ್ಕೆ ಒಂದು ಉದಾಹರಣೆ ಬೇಕಿತ್ತು, ನನ್ನ ಹತ್ತಿರ ಇತ್ತು. ಮೊದಲ ವರ್ಷ ಹೇಳುವಾಗ ನಾಲಿಗೆ ತಡವರಿಸಿತು. ಎರಡನೇ ವರ್ಷ ತಡವರಿಸಲಿಲ್ಲ. ಮೂರನೇ ವರ್ಷ ಬಟ್ಟೆಗೆ ಅರಿಷಿಣ ಹತ್ತಿತು, ಆಮೇಲೆ ಬೇವಿನ ಎಣ್ಣೆ. ಕೊನೆಕೊನೆಗೆ ಅತ್ತೆ ಒಬ್ಬ ಮಂತ್ರವಾದಿಯನ್ನೂ ಕೇಳಿ ಬಂದಿದ್ದಳು. ಕೇಳಿದವರೆಲ್ಲ ಅಯ್ಯಯ್ಯೋ ಎನ್ನುತ್ತಿದ್ದರು, ನನಗೆ ಶಾಲು ಹೊದಿಸುತ್ತಿದ್ದರು. ಹಬೆಯ ಅಪಾಯಕ್ಕೆಂದು ನಾನು ಹೇಳುತ್ತಿದ್ದ ಆ ಕೇಸಿನಲ್ಲಿ ಹಬೆಯೇ ಇರಲಿಲ್ಲ.

ನಿವೃತ್ತಿಯಾದ ಮೇಲೆ, ಮೊನ್ನೆ ಮೊನ್ನೆ, ಕೊಲ್ಹಾಪುರದಲ್ಲಿ ಹೊಸ ನರ್ಸುಗಳ ಒಂದು ತರಬೇತಿ ವರ್ಗಕ್ಕೆ ಕರೆದರು. ಅದೇ ಕೇಸ್ ಹೇಳಿದೆ. ಮುಗಿದ ಮೇಲೆ ಗಡಹಿಂಗ್ಲಜ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು. ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳು.

"ಮ್ಯಾಡಮ್, ಈ ಕೇಸ್ ನಮ್ಮ ಟೀಚರ್ ಮೊದಲ ಹೇಳಿದ್ರು. ಭಾಳ ಉಪಯೋಗ ಆತ್ರಿ. ನಿನ್ನಿ ಒಬ್ಬಾಕಿ ಅತ್ತಿ ಬಂದಿದ್ಲು, ಸೊಸಿಗೆ ವಾಸನಿ ಬರತೈತಿ ಅಂತ. ಎರಡನೇ ಸಲ. ನನಗ ನಿಮ್ಮ ಕೇಸ್ ನೆನಪಾತು. ಹಬಿ ಹಾಕಿರಬೇಕ ನೀ ಅಂತ ಬೈದ ಕಳಿಸಿದ್ನಿ."

ವರ್ಗದವರು ಚಪ್ಪಾಳೆ ತಟ್ಟಿದರು.

"ಸೊಸಿನ್ನ ನೋಡಿದೇನವಾ?" ಎಂದೆ.

"ಇಲ್ರಿ."

"ಈಗ ಹೋಗು. ಮೊದಲ ಆ ಹುಡುಗಿನ್ನ ಟೇಬಲ್ ಮ್ಯಾಲೆ ಮಲಗಿಸಿ ನೋಡು. ಚಪ್ಪಾಳಿ ಆಮ್ಯಾಲೆ."

ಸಂಜೆ ಫೋನ್ ಬಂತು. ಹೊಲಿಗೆಯಲ್ಲಿ ಕೀವು ತುಂಬಿತ್ತು, ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು, ಬದುಕುತ್ತಾಳೆ. ಫೋನ್ ಇಟ್ಟ ಮೇಲೆ ನಾನು ಅತ್ತುಬಿಟ್ಟೆ. ಒಂದು ಸುಳ್ಳಿನಿಂದ ಕಲ್ಲವ್ವನ ಹೆಸರು ಹೋಯಿತು ಎಂದಷ್ಟೇ ಇಷ್ಟು ದಿನ ಮನಸ್ಸು ಚುಚ್ಚುತ್ತಿತ್ತು, ಅದಕ್ಕೂ ಒಗ್ಗಿಹೋಗಿದ್ದೆ. ಆ ಸುಳ್ಳು ನನ್ನ ಹಾಗೆಯೇ ಕಿವಿ ಮುಚ್ಚಿದ ನರ್ಸುಗಳನ್ನು ತಯಾರಿಸುತ್ತಿದೆ ಎಂದು ಅಂದೇ ತಿಳಿದದ್ದು. ಮರುದಿನ ಶಹಾಪುರಕ್ಕೆ ಹೋದೆ.

ಕಲ್ಲವ್ವ ಹೊಸಿಲ ಹೊರಗೆ ಕುಳಿತು ಖಾಲಿ ಕಾಂಡಿಗಳಲ್ಲಿ ಉಳಿದ ನೂಲು ಬಿಡಿಸುತ್ತಿದ್ದಳು. ಮುಂದಿನ ಕೋಣೆಯಲ್ಲಿ ಬಸುವಿನ ನಾಲ್ಕು ಮಗ್ಗ ನಡೆಯುತ್ತಿದ್ದವು. ಒಳಗೆ ಬಾಣಂತಿ ಇದ್ದಳು. ಅಂದು ನನ್ನ ಕೈಯಲ್ಲಿ ಹುಟ್ಟಿದ ಆ ದೊಡ್ಡ ಕೂಸು, ರೇಣುಕಾಳ ಮಗಳು ಭಾಗ್ಯಾ, ತೌರಿಗೆ ಬಂದು ಹೆತ್ತು ಆರು ದಿನವಾಗಿತ್ತು.

"ಕೂಸ ಹ್ಯಾಂಗೈತಿ?" ಎಂದು ಕೇಳಿದೆ.

"ಚಲೋ ಐತಂತ್ರಿ. ನಾ ಒಳಗ ಹೋಗಿಲ್ಲ" ಎಂದಳು.

ಮಗ್ಗದ ಸಪ್ಪಳ. ಆಕೆಯ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದೆ. ಬಟ್ಟೆ ಬಿಟ್ಟವಳು ನಾನು, ಎಣಿಸದೆ ಎಣಿಸಿದೆನೆಂದೆ, ನೀನು ಎರಡು ಸಲ ಬಂದು ಹೇಳಿದರೂ ನೋಡಲಿಲ್ಲ, ಸಹಿಯೂ ನನ್ನದೇ. ಆಕೆ ಕಾಂಡಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು. ನಾನು ಅಳುತ್ತಿದ್ದೆ, ಆಕೆ ಅಳಲಿಲ್ಲ.

"ನನಗ್ಯಾಕ ಹೇಳಾಕತ್ತೀರಿ?" ಎಂದಳು. "ನಾ ಇಟ್ಟಿಲ್ಲಂತ ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದಾವ್ರು ಒಳಗ ಅದಾರ. ಅವ್ರಿಗೆ ಹೇಳ್ರಿ."

ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ ತಾನೇ ಮೇನ್ ಸ್ವಿಚ್ ಇಳಿಸಿದಳು. ನಾಲ್ಕೂ ಮಗ್ಗ ನಿಂತವು. ಹಗಲು ಹೊತ್ತಿನಲ್ಲಿ ಮಗ್ಗ ನಿಂತರೆ ಆ ಓಣಿಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಬಸು ಬಂದ, ರೇಣುಕಾ ಬಚ್ಚಲಿನಿಂದ ಒದ್ದೆ ಕೈಯಲ್ಲಿ ಬಂದಳು, ಅಕ್ಕಪಕ್ಕದವರು ಬಾಗಿಲಿಗೆ ಬಂದರು.

"ಈಗ ಹೇಳ್ರಿ, ಸಿಸ್ಟರ್. ಸಪ್ಪಳ ಇಲ್ಲ."

ಎಷ್ಟೋ ಸಭೆಗಳಲ್ಲಿ ಮಾತಾಡಿದವಳು ನಾನು. ಅಂದು ನಾಲ್ಕು ವಾಕ್ಯ ಹೇಳಲು ಮೂರು ಸಲ ನೀರು ಕುಡಿದೆ. ಹೇಳಿ ಮುಗಿಸಿದ ಮೇಲೆ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಸು ಮಗ್ಗದ ಕಡೆ ತಿರುಗಿ ನಿಂತ. ರೇಣುಕಾ ನನ್ನನ್ನು ನೋಡಲೇ ಇಲ್ಲ, ಅತ್ತೆಯನ್ನು ನೋಡುತ್ತಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅತ್ತಿ, ನಾಳಿಂದ ಭಾಗ್ಯಾಗ ನೀವ ನೀರ ಹಾಕ್ರಿ."

ಕಲ್ಲವ್ವ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ತೋರಿಸಿದಳು. ಬೆರಳುಗಳು ಸೊಟ್ಟಗಾಗಿ ನಡುಗುತ್ತಿದ್ದವು.

"ಈ ಕೈಯಾಗ ಈಗ ಚರಗಿ ಸುದ್ದಾ ನಿಲ್ಲಂಗಿಲ್ಲವಾ. ನಾ ಬಾಜೂಕ ಕುಂದರತೇನಿ. ನೀ ಹಾಕು, ನಾ ಹೇಳತೇನಿ."

ಆಮೇಲೆ ಮೊಮ್ಮಗಳಿದ್ದ ಕೋಣೆಯ ಕಡೆ ನಡೆದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು ನನ್ನ ಕಡೆ ತಿರುಗಿದಳು.

"ಎಷ್ಟ ಕಡೆ ಹೇಳೀರಿ ಸಿಸ್ಟರ್, ನನ್ನ ಸುದ್ದಿ?"

"ಭಾಳ ಕಡೆ, ಕಲ್ಲವ್ವಾ."

"ಹಂಗಾರ ಅಷ್ಟೂ ಕಡೆ ಮತ್ತ ಹೇಳಿ ಬರ್ರಿ. ಹೆಸರ ಹಚ್ಚಿ ಹೇಳ್ರಿ."

ಅಷ್ಟೂ ಕಡೆ ಹೋಗಲು ನನ್ನ ಮೊಣಕಾಲು ಒಪ್ಪುವುದಿಲ್ಲ, ಕೇಳಿದ ಹುಡುಗಿಯರು ಈಗ ಎಲ್ಲೆಲ್ಲೋ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಆ ಕೇಸನ್ನು ಕೇಳಿದ್ದರೆ ಹೀಗೆ ತಿದ್ದಿಕೊಳ್ಳಿ. ಹಬೆ ಹಾಕಿರಲಿಲ್ಲ. ಅತ್ತೆ ಮೂರು ಸಲ ಬಂದು ಹೇಳಿದಳು, ಮೂರು ಸಲವೂ ಸರಿಯಾಗಿಯೇ ಹೇಳಿದಳು. ಬಟ್ಟೆ ಬಿಟ್ಟ ನರ್ಸಿನ ಹೆಸರು ಪದ್ಮಾವತಿ. ಸೊಸೆಯನ್ನು ಉಳಿಸಿದವಳ ಹೆಸರು ಕಲ್ಲವ್ವ.